ದಪ್ಪ ಕಾಗದ

ಶಿಡ್ಲಘಟ್ಟದಲ್ಲಿ ಗೂಡಿಗೆ ಬೆಲೆ, ಗುಟ್ಟಿಗಿಲ್ಲ.
ಮಾರ್ಕೆಟ್ಟಿನ ಜಾಲರಿಗಳ ನಡುವೆ ನಿಂತರೆ ಸಾಕು,
ಯಾರ ಮನೆ ಹುಳುವಿಗೆ ಹಾಲುತೊಂಡೆ ಬಂತು,
ಯಾರ ಸೊಸೆಗೆ ಮತ್ತೆ ಹೊಟ್ಟೆ ನಿಲ್ಲಲಿಲ್ಲ,
ಎರಡೂ ಒಂದೇ ಉಸಿರಲ್ಲಿ ಕಿವಿಗೆ ಬೀಳುತ್ತವೆ.

ಹದಿನೆಂಟು ವರ್ಷ ಬಿಸಿನೀರಲ್ಲಿ ಕೈಯಿಟ್ಟು
ನೂಲು ತೆಗೆದವಳು ನಾನು. ಬೆರಳ ಗೆರೆ ಅಳಿಸಿ
ರೇಷನ್ ಅಂಗಡಿಯ ಮೆಷಿನ್ನು ಮೂರು ಸಲ
ನನ್ನನ್ನು ಬೇರೆ ಯಾರೋ ಅಂದಿತು.

ಈಗ ಅದೇ ಫಿಲೇಚರಿನ ಮೇಲಿನ ಕೋಣೆಯಲ್ಲಿ
ಜಬೀನಳ ಆನ್‌ಲೈನ್ ಔಷಧಿಗೆ ಪೊಟ್ಟಣ ಕಟ್ಟುತ್ತೇನೆ.
ವೆಂಕಟರವಣಪ್ಪನ ಅಂಗಡಿ ಇತ್ತಲ್ಲ, ಮನುಷ್ಯ ಒಳ್ಳೆಯವನೇ,
ಗಂಟಲು ಮಾತ್ರ ದೊಡ್ಡದು:
‘ಟಿಬಿ ಮಾತ್ರೆ ಯಾರಮ್ಮಾ ಕೇಳಿದ್ದು?’
ಬಸ್ ಸ್ಟ್ಯಾಂಡಿನಲ್ಲಿ ಇಳಿದವರೂ ತಿರುಗಿ ನೋಡೋರು.

ಇಲ್ಲಿ ಹಾಗಲ್ಲ. ನನ್ನ ಪರದೆಯ ಮೇಲೆ
ಮಾತ್ರೆಯ ಹೆಸರುಂಟು, ನುಂಗುವವರ ಹೆಸರಿಲ್ಲ.
ಸ್ಕೂಟರಿನ ಸಾದತ್‌ಗೆ ಬಾಗಿಲು ಗೊತ್ತು,
ಬಾಗಿಲಿಗೆ ಏನು ಕೊಟ್ಟೆನೆಂದು ಗೊತ್ತಿಲ್ಲ.
ಕಟ್ಟುವಾಗೊಂದು ನಂಬರು, ಹೊರಡುವಾಗ ಇನ್ನೊಂದು.
ನಡುವಿನ ನಂಟು ಮೆಷಿನ್ನಿನ ಹೊಟ್ಟೆಯಲ್ಲಿ.

‘ಗೂಡಿದ್ದಂಗೆ ಪಿಳ್ಳಕ್ಕಾ,’ ಅಂದಿದ್ದಳು ಜಬೀನ್,
‘ಒಂದೇ ಎಳೆ, ಮೈಲಿಯಷ್ಟುದ್ದ.
ತುದಿ ಸಿಕ್ಕವರಿಗೆ ಬಿಚ್ಚಿಕೊಳ್ಳುತ್ತೆ.
ಸಿಗದವನು ಕದ್ದೊಯ್ದರೂ ಅವನ ಕೈಲಿರೋದು ಬರೀ ಉಂಡೆ.’
‘ತುದಿ ಎಲ್ಲಿಟ್ಟಿದ್ದೀ?’
‘ಈ ಮನೇಲಿಲ್ಲ.’
ಯಾರ ಚೀಟಿಯನ್ನು ಯಾರು ತೆರೆದರು, ಎಷ್ಟು ಗಂಟೆಗೆ,
ಎಲ್ಲ ತಾನೇ ಬರೆದುಕೊಳ್ಳುತ್ತದಂತೆ. ಅವಳು ತೆರೆದರೆ ಅವಳದ್ದೂ.
ಕೆಲಸ ಮುಗಿದ ಚೀಟಿ, ವಾಯಿದೆ ತೀರಿದ್ದೇ ತಡ,
ಹುಳು ಜಗ್ಗಿದ ಹಿಪ್ಪುನೇರಳೆ ಎಲೆಯ ಹಾಗೆ, ಇಲ್ಲ.

ಮೊನ್ನೆ ಒಬ್ಬ ಮೆಟ್ಟಿಲು ಹತ್ತಿ ಬಂದ,
ಮಡಿಸಿದ ಷರಟು, ಕೈಯಲ್ಲಿ ಮೈಸೂರ್‌ಪಾಕಿನ ಡಬ್ಬ.
ದಿಬ್ಬೂರಹಳ್ಳಿ ರಸ್ತೆಯಲ್ಲಿ ಒಂದು ಮನೆ, ಹೆಣ್ಣು ನೋಡಿದ್ದಾರೆ,
ಆ ಹುಡುಗಿಗೆ ಮಾತ್ರೆಗೀತ್ರೆ ಹೋಗುತ್ತದಾ,
‘ಹೌದು ಅಲ್ಲ ಅಷ್ಟು ಸಾಕಮ್ಮ, ನಮ್ಮೋರೇ ನೀವು.’
‘ಗೊತ್ತಿಲ್ಲ’ ಅಂದೆ.
ಜನ್ಮದಲ್ಲಿ ಎಷ್ಟೋ ಸಲ ಅಂದ ಮಾತು,
ನಿಜವಾಗಿ ಗೊತ್ತಿಲ್ಲದೆ ಅಂದದ್ದು ಅವತ್ತೇ ಮೊದಲು.
ಡಬ್ಬ ವಾಪಸ್ಸು ತಗೊಂಡು ಹೋದ.
ಮಡಕೆ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗದು
ಅನ್ನುತ್ತಾರೆ. ಊರಿಗೆ ಉಣ್ಣಲು ಏನೂ ಸಿಗದಿದ್ದರೆ?

ಹೀಗೆ ನಾನು ಹೆಮ್ಮೆಯಲ್ಲಿದ್ದೆ, ಆ ಶುಕ್ರವಾರದ ತನಕ.

ಮಗಳ ಹಾಸಿಗೆ ಕೊಡವುವಾಗ ದಿಂಬಿನ ಕೆಳಗೆ
ಕಂದು ಲಕೋಟೆ. ಅಂಟು ನನ್ನದೇ,
ಮೂಲೆ ಒತ್ತುವಾಗ ನನ್ನ ಹೆಬ್ಬೆರಳು
ಎಡಕ್ಕೆ ಎಳೆಯುತ್ತದೆ, ಆ ಸುಕ್ಕು ಇತ್ತು.
ಯಾವತ್ತು ಕಟ್ಟಿದ್ದು? ಕಬ್ಬಿಣದ ಮಾತ್ರೆಯಾ,
ಥೈರಾಯ್ಡಾ, ನಿದ್ದೆಯದ್ದಾ, ಅದಾ, ಇನ್ನೊಂದಾ?
ಎಲ್ಲವನ್ನೂ ಈ ಕೈ ಮುಟ್ಟಿತ್ತು.
ಒಂದೂ ಈ ಕೈಗೆ ಗೊತ್ತಿರಲಿಲ್ಲ.

ಇಲ್ಲಿ ಯಾವ ಲೆಕ್ಕವೂ ಬರೆಯುವುದಿಲ್ಲ.
ಬೀಗವಿಲ್ಲ, ನಂಬರಿಲ್ಲ, ಜಬೀನ್ ಇಲ್ಲ.
ಅವಳು ಕಾಲೇಜಿಗೆ ಹೋಗಿ ಇನ್ನೂ ಅರ್ಧ ಗಂಟೆ.
ಹೊರಗೆ ಯಾರೋ ಪಾತ್ರೆ ಬೆಳಗುತ್ತಿದ್ದಾರೆ,
ಲಕೋಟೆಯ ತೂಕ ಒಂದು ತಮಟದ ಗೂಡಿನಷ್ಟೂ ಇಲ್ಲ.

ಮುಟ್ಟದೆ ಇಟ್ಟೆ ಅಂದರೆ ಸುಳ್ಳು.
ಕಿಟಕಿಗೆ ಹೋಗಿ ಬಿಸಿಲಿಗೆ ಹಿಡಿದೆ,
ಹಿಂದೆ ಮುಂದೆ ತಿರುಗಿಸಿದೆ, ಕಿವಿಯ ಹತ್ತಿರ ಅಲ್ಲಾಡಿಸಿದೆ.
ಜಬೀನ್ ಹಟ ಹಿಡಿದು, ಹಾಳೆಗೆ ಎಂಟಾಣೆ ಜಾಸ್ತಿ ಕೊಟ್ಟು,
ಚಿಂತಾಮಣಿಯಿಂದ ದಪ್ಪ ಕಾಗದವನ್ನೇ ತರಿಸಿದ್ದಳು.